ಕಪಾಟನ್ನು ಮಲಗಿಸಿ ಅಡಿ ನೋಡಿ: ಹೊಸಬೆಟ್ಟಿನ ನಮ್ಮ ಮನೆಯ ಸ್ಟೀಲ್ ಸಾಮಾನು, ಮೂರು ಮಳೆಗಾಲದ ಮೇಲೆ

ಅತ್ತೆಯವರ ಧಾರೆ ಸೀರೆಯ ಸೆರಗಿನಲ್ಲಿ ಎಂಟಾಣೆಯಷ್ಟು ಅಗಲದ ಒಂದು ಕಂದು ಕಲೆ ಉಂಟು. 2020ರ ಮಳೆಗಾಲದಲ್ಲಿ ಆದದ್ದು. ನಿಂಬೆಹುಳಿ ಹಚ್ಚಿ ನೋಡಿದೆವು, ಡ್ರೈಕ್ಲೀನಿನವರಿಗೆ ಕೊಟ್ಟು ನೋಡಿದೆವು. ರೇಷ್ಮೆಗೆ ಹಿಡಿದ ತುಕ್ಕು ಬಿಡುವುದಿಲ್ಲ ಎಂದು ಅವರೂ ವಾಪಸು ಕೊಟ್ಟರು. ಸೀರೆ ಇದ್ದದ್ದು ಕಬ್ಬಿಣದ ಕಪಾಟಿನ ಕೆಳಗಿನ ಹಲಗೆಯಲ್ಲಿ, ಹಳೇ ಪಂಚೆಯಲ್ಲಿ ಸುತ್ತಿ. 1974ರಲ್ಲಿ ಮಾವ ಮಾಡಿಸಿದ ಕಪಾಟು. ಎದುರಿನಿಂದ ನೋಡಿದರೆ ಅದಕ್ಕೆ ಏನೇನೂ ಆಗಿರಲಿಲ್ಲ. ಬೂದುಬಣ್ಣ ಹಾಗೆಯೇ, ಹಿಡಿ ತಿರುಗಿಸಿದರೆ ಮೊದಲಿನಷ್ಟೇ ಗಟ್ಟಿ ಸದ್ದು. ಆ ದಿನ ಇವರೂ ಪಕ್ಕದ ಮನೆಯ ಹುಡುಗನೂ ಸೇರಿ ಅದನ್ನು ಮೆಲ್ಲಗೆ ಮಲಗಿಸಿದರು. ಅಡಿಯ ತಗಡು ಸುಟ್ಟ ಹಪ್ಪಳದ ಹಾಗಾಗಿತ್ತು. ಹಿಡಿಸೂಡಿಯ ಬುಡ ತಾಗಿದ್ದಕ್ಕೇ ತೂತು ಬಿತ್ತು. ನೆಲದಿಂದ ಗುಡಿಸಿ ತೆಗೆದ ಕೆಂಪು ಹುಡಿ ಅರ್ಧ ಗೆರಸೆ. "ನಲ್ವತ್ತಾರು ವರ್ಷ ಅದರ ಮುಖ ಒರೆಸಿದೆ, ಕಾಲು ನೋಡ್ಲೇ ಇಲ್ಲ" ಎಂದು ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ನಮ್ಮಲ್ಲಿ ಇಂಥ ಕಪಾಟಿಗೆ 'ಗೋದ್ರೆಜ್' ಎಂದೇ ಹೆಸರು, ಯಾರು ಮಾಡಿದ್ದಾದರೂ ಸರಿ. ಮುಂಬೈಯ ಆ ಕಂಪನಿ 1923ರಲ್ಲಿ ಉಕ್ಕಿನ ಕಪಾಟು ಮಾಡಲು ಶುರು ಮಾಡಿತು. ಮುಂದೆ ಕಂಪನಿಯ ಹೆಸರೇ ವಸ್ತುವಿನ ಹೆಸರಾಯಿತು. ಮಾವನದ್ದು ಅವರದ್ದಲ್ಲ, ಊರಿನಲ್ಲೇ ಮಾಡಿಸಿದ್ದು. ಮಾಡಿದವರನ್ನು ನಾನು ದೂರುವುದೂ ಇಲ್ಲ. ಸಮುದ್ರದ ಬದಿಯಲ್ಲಿ ನಲ್ವತ್ತಾರು ವರ್ಷ ಸಣ್ಣ ಮಾತಲ್ಲ.

ನಮ್ಮ ಮನೆ ಮಂಗಳೂರಿನ ಸುರತ್ಕಲ್ ಹತ್ತಿರದ ಹೊಸಬೆಟ್ಟಿನಲ್ಲಿ, ಹೆದ್ದಾರಿಯಿಂದ ಪಡುವಕ್ಕೆ. ಕಡಲಿಗೆ ಐದು ನಿಮಿಷದ ನಡಿಗೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಬೆಳಿಗ್ಗೆ ಪಡುದಿಕ್ಕಿನ ಕಿಟಕಿಯ ಗಾಜಿಗೆ ಬೆರಳೆಳೆದು ನಾಲಗೆಗಿಟ್ಟರೆ ಉಪ್ಪುಪ್ಪು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಇಂಥಲ್ಲಿ ಸ್ಟೀಲ್ ಸಾಮಾನು ಬಂದ ವಾರವೇ ಅದು ಚೆಂದ ಉಂಟು ಎಂದು ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಮೂರು ಮಳೆಗಾಲ ಕಾದೆ.

ಇನ್ನೊಂದು ಕಾರಣವೂ ಉಂಟು, ನಾನು ಇದನ್ನು ಬರೆಯಲಿಕ್ಕೆ. ಇಪ್ಪತ್ತೇಳು ವರ್ಷ ಕಾಲೇಜಿನ ಲೈಬ್ರರಿ ನೋಡಿಕೊಂಡವಳು ನಾನು. ನನ್ನ ಪ್ರಾಯದ ದೊಡ್ಡ ಪಾಲು ಕಬ್ಬಿಣದ ರ‍್ಯಾಕುಗಳ ನಡುವೆಯೇ ಕಳೆದಿದೆ. ಅಲ್ಲಿ ಗಮನಿಸಿದ್ದು ಇಷ್ಟು: ರ‍್ಯಾಕಿನ ಮೇಲಿನ ಐದು ಹಲಗೆ ನಾನು ಸೇರಿದಾಗ ಹೇಗಿತ್ತೋ ನಿವೃತ್ತಿಯಾದಾಗಲೂ ಹಾಗೇ ಇತ್ತು. ಕೆಳಗಿನ ಒಂದು ಹಲಗೆ ಮತ್ತು ಕಾಲಿನ ಕೊನೆಯ ನಾಲ್ಕಿಂಚು ಮಾತ್ರ ಮೂರು ಸಲ ಬದಲಾಯಿತು. ದಿನಾ ನೆಲ ಒರೆಸುವ ನೀರು ಅಲ್ಲಿಗೇ ತಾಗುವುದು, ಒದ್ದೆ ಅಲ್ಲೇ ನಿಲ್ಲುವುದು, ಬಣ್ಣ ಅಲ್ಲೇ ತೆಳ್ಳಗೆ ಇರುವುದು. ಅಷ್ಟೆಲ್ಲ ಗೊತ್ತಿದ್ದವಳು ಮನೆಯ ಕಪಾಟಿನ ಅಡಿಗೆ ಒಮ್ಮೆಯೂ ಟಾರ್ಚ್ ಹಾಕಲಿಲ್ಲವಲ್ಲ ಎಂಬ ಸಂಕಟ ಆ ಸೀರೆ ನೋಡಿದಾಗಲೆಲ್ಲ ಆಗುತ್ತದೆ.

ಮರ ಬಿಟ್ಟು ಸ್ಟೀಲಿಗೆ ಹೋದದ್ದು ಆಸೆಯಿಂದ ಅಲ್ಲ, ಸಾಕಾಗಿ. ಪ್ಲೈವುಡ್ಡಿನ ವಾರ್ಡ್‌ರೋಬಿಗೆ ಗೋಡೆಯ ಸಂದಿಯಿಂದ ಗೆದ್ದಲು ಹತ್ತಿ ಹಿಂಬದಿ ಪೂರ್ತಿ ಹೋಯಿತು. ಮದ್ದು ಹೊಡೆಸಿದ್ದು ಎರಡು ಸಲ. ಅಡುಗೆಮನೆಯ ಸಿಂಕಿನ ಕೆಳಗಿನ ಪಾರ್ಟಿಕಲ್ ಬೋರ್ಡ್ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿ ಉದುರಿತು. 2022ರಲ್ಲಿ ನಿವೃತ್ತಿಯ ಹಣ ಬಂದಾಗ, ಚಾವಡಿ ಒಂದು ಬಿಟ್ಟು ಉಳಿದ ಕಡೆ ಸ್ಟೀಲೇ ಇರಲಿ ಎಂದು ತೀರ್ಮಾನಿಸಿದೆವು.

ಹಂಪನಕಟ್ಟೆಯಿಂದ ಕಂಕನಾಡಿಯವರೆಗೆ ಆರು ಅಂಗಡಿ ಸುತ್ತಿದೆ. ಎಲ್ಲ ಕಡೆ ಒಂದೇ ಮಾತು ಕೇಳಿದೆ: "ಈ ಕಪಾಟು ಸ್ವಲ್ಪ ವಾಲಿಸಿ ಅಡಿ ತೋರಿಸ್ತೀರಾ?" ನಾಲ್ಕು ಕಡೆ ಆಗುವುದಿಲ್ಲ ಎಂದರು. ಒಂದು ಕಡೆ ಮಾಲೀಕರನ್ನು ಕೇಳಬೇಕು ಎಂದರು, ಮಾಲೀಕರು ಊಟಕ್ಕೆ ಹೋಗಿದ್ದರು. ಆರನೆಯ ಅಂಗಡಿಯ ಹುಡುಗ ಪಾಪ, ಒಬ್ಬನೇ ವಾಲಿಸಿ ಹಿಡಿದ. ಎದುರುಬದಿ ಕನ್ನಡಿಯಂಥ ಕಾಫಿ ಬಣ್ಣ, ಬಾಗಿಲಲ್ಲಿ ಹೂಬಳ್ಳಿ. ಅಡಿ ಬರೀ ಬೂದು ತಗಡು. ಬಣ್ಣ ಅಂಚಿನಲ್ಲಿ ಎರಡು ಬೆರಳಗಲ ಹಾರಿ ಬಿದ್ದು ಅಲ್ಲಿಗೇ ನಿಂತಿತ್ತು. ಬೆಸುಗೆ ಹಾಕಿದಲ್ಲಿ ಆಗಲೇ ಕೆಂಪು ಚುಕ್ಕಿ. ಅಂಗಡಿಯಲ್ಲೇ ಹೀಗೆ.

ಕೊನೆಗೆ ಸಿಕ್ಕಿದ್ದು ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆಯ ಒಂದು ವರ್ಕ್‌ಶಾಪ್. ಬೋರ್ಡೂ ಇಲ್ಲ. ಹೆಸರು ಬರೆಯಲೇ ಎಂದು ಕೇಳಿದಾಗ ಅದರ ಯಜಮಾನರು, "ಬೇಡ ಅಕ್ಕ, ಈಗ ಹಿಡಿದ ಕೆಲಸವೇ ಮುಗಿಯುದಿಲ್ಲ" ಎಂದು ಕೈಮುಗಿದರು. ಹಾಗಾಗಿ ಬರೆಯುವುದಿಲ್ಲ. ಆದರೆ ಅಲ್ಲಿ ನೋಡಿದ ಒಂದು ವಿಷಯ ಹೇಳಲೇಬೇಕು. ಸ್ಟೇನ್‌ಲೆಸ್ ಕೆಲಸಕ್ಕೆ ಅವರದ್ದು ಬೇರೆಯೇ ಕೋಣೆ, ನಡುವೆ ಬಾಗಿಲು. ಗ್ರೈಂಡರಿನ ಡಿಸ್ಕ್‌ಗಳನ್ನು ಎರಡು ಬೇರೆ ಡಬ್ಬಿಗಳಲ್ಲಿಟ್ಟು ಪೇಂಟಿನಲ್ಲಿ ಗುರುತು ಮಾಡಿದ್ದರು. ಸಾದಾ ಕಬ್ಬಿಣ ಉಜ್ಜಿದ ಡಿಸ್ಕಿನಲ್ಲೇ ಸ್ಟೇನ್‌ಲೆಸ್ ಉಜ್ಜಿದರೆ ಕಬ್ಬಿಣದ ಸಣ್ಣ ಹುಡಿ ಅದರ ಮೈಗೆ ಕಚ್ಚಿಕೊಂಡು ಕೂರುತ್ತದೆ. ಮೊದಲ ಮಳೆಗೇ ಆ ಹುಡಿ ತುಕ್ಕಾಗುತ್ತದೆ. ಸಾಮಾನು ಕೊಂಡವರು ಸ್ಟೀಲೇ ಮೋಸ ಎಂದುಕೊಳ್ಳುತ್ತಾರೆ. ಆ ಎರಡು ಡಬ್ಬಿ ನೋಡಿಯೇ ನಾನು ಅಲ್ಲಿ ಅಡ್ವಾನ್ಸ್ ಕೊಟ್ಟದ್ದು.

ಮೊದಲು ಕಪಾಟಿನ ವಿಷಯ. ಅದು ಸಾದಾ ಉಕ್ಕಿನ ತಗಡು, ಮೇಲೆ ಪೌಡರ್ ಕೋಟಿಂಗ್. ತಗಡಿನ ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ಜಾಸ್ತಿಯಾದಷ್ಟೂ ತಗಡು ತೆಳ್ಳಗೆ. 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್. ಅಂಗಡಿಯಲ್ಲಿ 20 ಎಂದು ಹೇಳಿ 22, 24 ಕೊಡುವುದುಂಟು, ಬಣ್ಣ ಬಳಿದ ಮೇಲೆ ಕಣ್ಣಿಗೆ ಗೊತ್ತಾಗುವುದಿಲ್ಲ. ತೂಗಿದರೆ ಗೊತ್ತಾಗುತ್ತದೆ. ಒಂದು ಚದರ ಮೀಟರ್ ಅಗಲದ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 7.85 ಕಿಲೋ ತೂಗುತ್ತದೆ. ಆರೂವರೆ ಅಡಿ ಎತ್ತರ, ಮೂರಡಿ ಅಗಲದ ಕಪಾಟಿಗೆ ಬಾಗಿಲು, ಹಲಗೆ, ಮಡಚಿದ ಅಂಚು ಎಲ್ಲ ಲೆಕ್ಕ ಹಾಕಿದರೆ 20 ಗೇಜಿನಲ್ಲಿ 70 ಕಿಲೋ ಆಸುಪಾಸು ಬರಬೇಕು. ವರ್ಕ್‌ಶಾಪಿನ ಪಕ್ಕದಲ್ಲೇ ಗುಜರಿಯವರ ತಕ್ಕಡಿ ಇತ್ತು, ತೂಗಿಸಿದೆ. 71 ಬಂತು. ಇವರು "ಇಷ್ಟೆಲ್ಲ ಬೇಕಾ" ಎಂದು ನಾಚಿಕೊಂಡು ದೂರ ನಿಂತಿದ್ದರು. 19,500 ರೂಪಾಯಿ ಕೊಡುವಾಗ ತೂಗಿ ನೋಡುವುದರಲ್ಲಿ ನಾಚಿಕೆ ಎಂತದು.

ಬಣ್ಣದ ಕೆಲಸವನ್ನು ನಿಂತು ನೋಡಿದೆ. ಒಂದರ ನಂತರ ಒಂದು ಏಳು ತೊಟ್ಟಿ. ಎಣ್ಣೆಜಿಡ್ಡು ತೆಗೆಯುವುದು, ತುಕ್ಕು ತೆಗೆಯುವುದು, ಬಣ್ಣ ಹಿಡಿದು ನಿಲ್ಲಲು ಫಾಸ್ಫೇಟ್ ಪದರ ಕೂರಿಸುವುದು, ನಡುನಡುವೆ ನೀರಲ್ಲಿ ಮುಳುಗಿಸಿ ತೊಳೆಯುವುದು. ಆಮೇಲೆ ಒಣಗಿದ ತಗಡಿಗೆ ಗನ್ನಿನಿಂದ ಬಣ್ಣದ ಹುಡಿ ಹಾರಿಸುತ್ತಾರೆ. ವಿದ್ಯುತ್ತಿನ ಸೆಳೆತಕ್ಕೆ ಹುಡಿ ಹೋಗಿ ತಗಡಿಗೆ ಅಂಟಿಕೊಳ್ಳುತ್ತದೆ. 180ರಿಂದ 200 ಡಿಗ್ರಿ ಬಿಸಿಯ ಒಲೆಯಲ್ಲಿ ಬೇಯಿಸಿದಾಗ ಕರಗಿ ಒಂದೇ ಪದರವಾಗುತ್ತದೆ. ತೊಟ್ಟಿಯ ಕೆಲಸ ತಪ್ಪಿಸಿ ನೇರ ಹುಡಿ ಹಾರಿಸಿದರೂ ಹೊರಗಿನಿಂದ ಅಷ್ಟೇ ಚೆಂದ ಕಾಣುತ್ತದೆ. ಎರಡು ಮಳೆ ಕಳೆದ ಮೇಲೆ ಅದು ಉಗುರಿಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ನಮ್ಮ ವರ್ಕ್‌ಶಾಪಿನವರು ಜೋಡಿಸುವ ಮೊದಲೇ ಒಂದೊಂದು ತಗಡನ್ನೂ ಬಿಡಿಯಾಗಿ ಮುಳುಗಿಸಿ ಎರಡೂ ಬದಿಗೆ ಬಣ್ಣ ಕೊಟ್ಟರು. ಅಡಿಗೂ. ಅದರ ಮೇಲೆ 1,800 ರೂಪಾಯಿ ಹೆಚ್ಚು ಕೊಟ್ಟು ಕೆಳಗೆ ಸ್ಟೇನ್‌ಲೆಸ್ ಪಟ್ಟಿಯ ಚೌಕಟ್ಟು ಮತ್ತು ನಾಲ್ಕಿಂಚಿನ ನೈಲಾನ್ ಕಾಲು ಹಾಕಿಸಿದೆ. ಈಗ ಹಿಡಿಸೂಡಿ, ಒರೆಸುವ ಬಟ್ಟೆ ಎರಡೂ ಅಡಿಗೆ ಹೋಗುತ್ತದೆ, ಗಾಳಿಯೂ ಆಡುತ್ತದೆ.

ಮೂರು ಮಳೆ ಕಳೆದು ಈ ಕಪಾಟಿನಲ್ಲಿ ತುಕ್ಕು ಇರುವುದು ಒಂದೇ ಕಡೆ, ಎಡಬಾಗಿಲ ಕೆಳಗಿನ ಕೀಲಿನ ಹತ್ತಿರ, ಸಾಸಿವೆಯಷ್ಟು. ಟೆಂಪೋದಿಂದ ಇಳಿಸುವಾಗ ಮೆಟ್ಟಿಲಿಗೆ ತಾಗಿ ಬಣ್ಣ ಎದ್ದ ಜಾಗ ಅದು. ಆಗಲೇ ಟಚ್‌ಅಪ್ ಮಾಡಬೇಕಿತ್ತು, ಮರೆತೆ.

ಆದರೆ ಕಪಾಟಿನದ್ದೇ ಒಂದು ದೋಷ ಹೇಳಬೇಕು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮರ ಒದ್ದೆಯನ್ನು ಸ್ವಲ್ಪ ಕುಡಿಯುತ್ತದೆ, ಸ್ಟೀಲ್ ಕುಡಿಯುವುದಿಲ್ಲ. ಒಳಗೆ ಹೋದ ತೇವ ಒಳಗೇ. ಮೊದಲ ಮಳೆಗಾಲದಲ್ಲಿ ಇವರ ಚರ್ಮದ ಬೆಲ್ಟಿಗೆ ಬಿಳೀ ಬೂಷ್ಟು ಬಂತು, ನನ್ನ ಎರಡು ರೇಷ್ಮೆ ಸೀರೆಗೆ ಮುಗ್ಗುಲು ವಾಸನೆ. ನಮ್ಮಲ್ಲಿ ಜುಲೈಯಲ್ಲಿ ಬಟ್ಟೆ ಎಲ್ಲಿ ಪೂರ್ತಿ ಒಣಗುತ್ತದೆ, ಕೈಗೆ ತಣ್ಣಗೆ ಇದ್ದರೂ ಒಣಗಿತೆಂದು ಮಡಚಿ ಇಟ್ಟುಬಿಡುತ್ತೇವೆ. ಮರುವರ್ಷ ವರ್ಕ್‌ಶಾಪಿನವರಿಗೆ ಹೇಳಿ ಹಿಂಬದಿಯ ತಗಡಿನಲ್ಲಿ ಮೇಲೊಂದು ಸಾಲು, ಕೆಳಗೊಂದು ಸಾಲು ಗಾಳಿತೂತು ಮಾಡಿಸಿ ಒಳಗಿನಿಂದ ಸಣ್ಣ ಜಾಲರಿ ಕೂರಿಸಿದೆ. ತೂತಿನ ಅಂಚಿಗೆಲ್ಲ ಬಣ್ಣ ಹಚ್ಚಿಸಿದೆ. ಕಪಾಟನ್ನು ಗೋಡೆಯಿಂದ ಮೂರಿಂಚು ಮುಂದಕ್ಕೆ ತಂದೆ. ಭಾನುವಾರ ಬಾಗಿಲು ತೆರೆದಿಟ್ಟು ಒಂದು ಗಂಟೆ ಫ್ಯಾನ್ ಹಾಕುತ್ತೇನೆ. ಆಮೇಲೆ ಬೂಷ್ಟು ಬರಲಿಲ್ಲ. ನೀವು ಹೊಸದಾಗಿ ಮಾಡಿಸುವುದಾದರೆ ತೂತನ್ನು ಬಣ್ಣ ಹಾಕುವ ಮೊದಲೇ ಮಾಡಿಸಿ.

ಮಂಚ ಸ್ಟೇನ್‌ಲೆಸ್‌ನದ್ದು, 31,000 ರೂಪಾಯಿ. ಇದೇ ಅಳತೆಯ ಮಂಚವನ್ನು ಪೇಟೆಯಲ್ಲಿ 19,000ಕ್ಕೆ "ಅಪ್ಪಟ ಸ್ಟೀಲ್, ಮ್ಯಾಗ್ನೆಟ್ ಹಿಡಿದು ನೋಡಿ" ಎಂದು ಕೊಡಲು ತಯಾರಿದ್ದರು. ಅಯಸ್ಕಾಂತ ಅಂಟಲೂ ಇಲ್ಲ. ನಾನು ನಂಬಿದ್ದೆ. ಬೈಕಂಪಾಡಿಯ ಯಜಮಾನರು ಕೇಳಿ ತಲೆಯಾಡಿಸಿದರು. ಸ್ಟೇನ್‌ಲೆಸ್‌ನಲ್ಲಿ 202, 304 ಎಂದು ಬೇರೆ ಬೇರೆ ದರ್ಜೆ ಉಂಟು. "ಅಕ್ಕ, 202ಕ್ಕೂ ಮ್ಯಾಗ್ನೆಟ್ ಅಂಟುದಿಲ್ಲ, 304ಕ್ಕೂ ಅಂಟುದಿಲ್ಲ. ಅದ್ರಲ್ಲಿ ಎಂತ ಗೊತ್ತಾಗ್ತದೆ?" ಎಂದು ಪರೀಕ್ಷೆಯ ದ್ರಾವಣದ ಒಂದು ಸಣ್ಣ ಬಾಟ್ಲಿ, ಒಂದು 9 ವೋಲ್ಟಿನ ಬ್ಯಾಟರಿ ತಂದರು. ಎರಡು ತುಂಡು ಪೈಪಿನ ಮೇಲೆ ಒಂದೊಂದು ಹನಿ ಬಿಟ್ಟು ವೈರ್ ತಾಗಿಸಿದರು. ಒಂದು ಹನಿ ಹಾಗೇ ಉಳಿಯಿತು, ಇನ್ನೊಂದು ನೋಡುತ್ತಿದ್ದಂತೆ ಕುಂಕುಮದ ನೀರಿನ ಹಾಗೆ ಕೆಂಪಗಾಯಿತು. ಕೆಂಪಾದದ್ದು 202. ಅದರಲ್ಲಿ ನಿಕ್ಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ಅದೇ ಹನಿಯಲ್ಲಿ ಬಣ್ಣ ಕೊಡುವುದು. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕೆಲ್. ಹೊಳೆಯುವ ಸ್ಟೀಲಿಗೆ ತುಕ್ಕು ಬಾರದಂತೆ ಕಾಯುವುದು ಕ್ರೋಮಿಯಂ ಗಾಳಿಯೊಂದಿಗೆ ಸೇರಿ ಮೈಮೇಲೆ ಕಟ್ಟಿಕೊಳ್ಳುವ, ಕಣ್ಣಿಗೆ ಕಾಣದ ಪೊರೆ. ಗೀರು ಬಿದ್ದರೂ ಆ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅದನ್ನು ತಿನ್ನುವ ವೈರಿ ಎಂದರೆ ಉಪ್ಪು. ಹೊಸಬೆಟ್ಟಿನಲ್ಲಿ ಗಾಳಿಯಲ್ಲೇ ಉಪ್ಪು. ಘಟ್ಟದ ಮೇಲಿನ ಊರಿನಲ್ಲಿ 202 ಇಪ್ಪತ್ತು ವರ್ಷ ಬಂದೀತು, ಅದಕ್ಕೆ ನಾನು ಬೇಡ ಎನ್ನುವುದಿಲ್ಲ. ಸುರತ್ಕಲ್, ಪಣಂಬೂರು, ಉಳ್ಳಾಲ, ಮಲ್ಪೆಯಂಥ ಕಡೆ ಅದಕ್ಕೆ ಹಣ ಹಾಕಬೇಡಿ. ಬಿಲ್ಲಿನಲ್ಲಿ 'ಸ್ಟೀಲ್ ಮಂಚ' ಎಂದಷ್ಟೇ ಬರೆಸಿಕೊಂಡರೆ ಸಾಲದು, '304' ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲು ಹಿಂಜರಿಯುವವರ ಹತ್ತಿರ ಕೊಳ್ಳಬೇಡಿ.

ಇಷ್ಟೆಲ್ಲ ನೋಡಿ ಮಾಡಿಸಿದ ಮಂಚಕ್ಕೂ ಎಂಟನೇ ತಿಂಗಳಲ್ಲಿ ಕಲೆ ಬಂತು. ತಲೆದಿಂಬಿನ ಬದಿಯ ಎರಡು ಬೆಸುಗೆಯ ಸುತ್ತ ಚಹಾ ಚೆಲ್ಲಿದ ಹಾಗೆ ಕಂದು. ನನಗೆ ಎದೆ ಧಸಕ್ಕೆಂದಿತು, 31,000 ನೀರಲ್ಲಿ ಹೋಯಿತು ಎಂದುಕೊಂಡೆ. ಫೋಟೋ ಕಳಿಸಿದ ಮರುದಿನವೇ ಯಜಮಾನರು ಸ್ವತಃ ಬಂದರು. ಆರ್ಗನ್ ವೆಲ್ಡಿಂಗ್ ಮಾಡಿದಾಗ ಬಿಸಿಗೆ ಸುತ್ತ ನೀಲಿ ಹಳದಿ ಛಾಯೆ ಬರುತ್ತದೆ, ಅಲ್ಲಿ ಆ ಪೊರೆ ದುರ್ಬಲ. ಅದನ್ನು ಆಸಿಡ್ ಪೇಸ್ಟ್ ಹಚ್ಚಿ ತೊಳೆದೇ ಕಳಿಸಬೇಕು. ಹೊಸ ಹುಡುಗ ಎರಡು ಜಾಯಿಂಟನ್ನು ಪಾಲಿಶ್ ಮಾತ್ರ ಮಾಡಿ ಬಿಟ್ಟಿದ್ದ. ಯಜಮಾನರು ಕೈಗವುಸು ಹಾಕಿ, ಕಿಟಕಿ ತೆರೆದು, ಪೇಸ್ಟ್ ಹಚ್ಚಿ, ಸಾಕಷ್ಟು ನೀರಿನಲ್ಲಿ ತೊಳೆದು ಕೊಟ್ಟರು. ಹಣ ಕೇಳಲಿಲ್ಲ. "ನಮ್ಮ ತಪ್ಪು ಅಕ್ಕ" ಎಂದರು. ಚಹಾ ಕುಡಿದು ಹೋದರು. ಆ ಜಾಗ ಆಮೇಲೆ ಕೆಡಲಿಲ್ಲ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಕೊಟ್ಟದ್ದು ಸಿಟೌಟಿನ ಬೆಂಚು. ಅದೂ 304, ಅದೇ ಪೈಪು, ಅದೇ ಕೈ. ಮಾಡಿನ ಅಡಿಯಲ್ಲಿ ಇದೆ, ಮಳೆ ತಾಗುವುದಿಲ್ಲ. ಅಂಗಳದಲ್ಲಿ ಬಟ್ಟೆ ಒಣಗಿಸಲು ಅದೇ ಪೈಪಿನದ್ದೊಂದು ಕಂಬವೂ ಉಂಟು, ಅದು ಇಡೀ ಮಳೆಗಾಲ ಹೊರಗೆ ನೆನೆಯುತ್ತದೆ. ಎರಡನೇ ವರ್ಷ ನೋಡಿದರೆ ನೆನೆದ ಕಂಬ ಹೊಳೆಯುತ್ತಿದೆ, ಮಾಡಿನ ಅಡಿಯ ಬೆಂಚಿಗೆ ಕಂದು ಕಂದು ಚುಕ್ಕಿ! ಯಜಮಾನರನ್ನು ಕೇಳಿದೆ. ಗಾಳಿ ತಂದ ಉಪ್ಪು ಎರಡರ ಮೇಲೂ ಕೂರುತ್ತದೆ, ಕಂಬದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಬೆಂಚಿನದ್ದನ್ನು ತೊಳೆಯುವವರಿಲ್ಲ, ತೇವದಲ್ಲಿ ಅದು ಅಲ್ಲೇ ಕೂತು ಕೆಲಸ ಮಾಡುತ್ತದೆ ಎಂದರು. ಮಳೆಗೆ ತಾಗದ ಹಾಗೆ ಇಟ್ಟರೆ ಸ್ಟೀಲ್ ಉಳಿಯುತ್ತದೆ ಎಂದು ನಾವೆಲ್ಲ ತಿಳಿದಿದ್ದೆವಲ್ಲ! ಈಗ ವಾರಕ್ಕೊಮ್ಮೆ ಬೆಂಚಿಗೆ ಎರಡು ಚೊಂಬು ಸಿಹಿನೀರು ಹೊಯ್ದು, ಸೀಟಿನ ಅಡಿಗೂ ಕೈಹಾಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸುತ್ತೇನೆ. ಹತ್ತು ನಿಮಿಷ ಸಾಕು. ಕಡಲಿಗೆ ಮುಖ ಮಾಡಿದ ಗೇಟು, ಕಿಟಕಿಯ ಸರಳು, ಉಯ್ಯಾಲೆ ಮಾಡಿಸುವವರಿಗೆ ಅವರು ಹೇಳುವುದು 316. ಅದರಲ್ಲಿ 2ರಿಂದ 3 ಪಾಲು ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪಿಗೆ ಹೆಚ್ಚು ತಡೆಯುತ್ತದೆ, ಬೆಲೆಯೂ ಏರುತ್ತದೆ. ಮತ್ತೊಮ್ಮೆ ಮಾಡಿಸುವುದಾದರೆ ಮಂಚವನ್ನು 304ರಲ್ಲೇ ಇಟ್ಟು ಆ ಬೆಂಚನ್ನು 316ರಲ್ಲಿ ಮಾಡಿಸುತ್ತಿದ್ದೆ.

ಮಗಳು ಆನ್‌ಲೈನಿನಲ್ಲಿ ತರಿಸಿದ ಚಪ್ಪಲಿ ಸ್ಟ್ಯಾಂಡಿನ ಬಗ್ಗೆ ಜಾಸ್ತಿ ಬರೆಯಲು ಇಲ್ಲ. ಕ್ರೋಮ್ ಲೇಪದ್ದು, 1,150 ರೂಪಾಯಿ, ಎರಡನೇ ಮಳೆಗೆ ಕಾಲಿನ ಪ್ಲಾಸ್ಟಿಕ್ ಟೊಪ್ಪಿ ತೆಗೆದರೆ ಒಳಗೆ ಪೈಪೇ ಇರಲಿಲ್ಲ. ಗುಜರಿಗೆ ಹಾಕಿದೆವು. ಟೊಪ್ಪಿಯ ಒಳಗೆ ನೀರು ನಿಂತರೆ ಹೊರಬರುವ ದಾರಿಯೇ ಇರುವುದಿಲ್ಲ. ನಿಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯ ಸ್ಟೀಲ್ ಕಾಲಿನದ್ದು, ಇಸ್ತ್ರಿ ಮೇಜಿನದ್ದು ಒಮ್ಮೆ ತೆಗೆದು ನೋಡಿ.

ಅಡುಗೆಮನೆ ದೊಡ್ಡ ಖರ್ಚು, 2,35,000. ಪೆಟ್ಟಿಗೆಯೆಲ್ಲ 304 ತಗಡು, ಬಾಗಿಲು ಪೌಡರ್ ಕೋಟಿಂಗ್ ಮಾಡಿದ್ದು. ಇದನ್ನು ನಾನು ಮನಸಾರೆ ಮೆಚ್ಚಿದ್ದೇನೆ. ತೆಂಗಿನಕಾಯಿ ತುರಿದ ನೀರು, ಮೀನು ತೊಳೆದ ನೀರು, ಬಂಗುಡೆ ಸಾರು ಚೆಲ್ಲಿದರೂ ಒಳಗಿನವರೆಗೆ ನೀರು ಹೊಯ್ದು ತೊಳೆಯಬಹುದು. ಸಂದಿ ಇಲ್ಲದ್ದರಿಂದ ಜಿರಲೆ ಕೂರುವುದಿಲ್ಲ. ಗೆದ್ದಲಿನ ಮಾತೇ ಇಲ್ಲ. ತಗಡಿನ ಅಂಚನ್ನು ಒಳಕ್ಕೆ ಮಡಚಿ ಒತ್ತಿಸಿದ್ದಾರೆ, ಕೈಗೆ ತಾಗುವುದಿಲ್ಲ. ಬೇರೆಯವರ ಮನೆಯಲ್ಲಿ ಮಡಚದೆ ಬಿಟ್ಟ ಅಂಚಿಗೆ ಬೆರಳು ಕೊಯ್ದುಕೊಂಡದ್ದನ್ನು ನೋಡಿದ್ದೇನೆ, ನೀವು ಬೆರಳಾಡಿಸಿಯೇ ತೆಗೆದುಕೊಳ್ಳಿ. ಸದ್ದು ಮಾತ್ರ ಉಂಟು. ಪಾತ್ರೆ ಇಡುವಾಗ ಮೊದಲ ತಿಂಗಳು ಅತ್ತೆಗೆ ಮಧ್ಯಾಹ್ನದ ನಿದ್ರೆ ಬರಲಿಲ್ಲ. ಡ್ರಾಯರಿನ ತಳಕ್ಕೆ ರಬ್ಬರ್ ಹಾಳೆ ಹಾಕಿದ ಮೇಲೆ ಸರಿಯಾಯಿತು.

ಇಲ್ಲಿ ಎರಡು ಎಡವಟ್ಟಾಯಿತು. ಪೆಟ್ಟಿಗೆ 304 ಆದರೂ ಡ್ರಾಯರ್ ಎಳೆಯುವ ಚಾನೆಲ್ ಸಾದಾ ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟದ್ದು. ನನಗೆ ಕೇಳಲು ಹೊಳೆಯಲಿಲ್ಲ, ಅವರೂ ಹೇಳಲಿಲ್ಲ. ಸಿಂಕಿನ ಪಕ್ಕದ ಎರಡು ಚಾನೆಲ್ ಎರಡೇ ವರ್ಷಕ್ಕೆ ಕಚ್ಚಿ ನಿಂತವು. ಸ್ಟೇನ್‌ಲೆಸ್ ಚಾನೆಲ್ ಸಿಗುತ್ತದೆ, ಈಗ ಅದನ್ನೇ ಹಾಕಿಸಿದ್ದೇನೆ, ಖರ್ಚು ನಮ್ಮದೇ ಆಯಿತು. ಈ ಒಂದು ವಿಷಯದಲ್ಲಿ ವರ್ಕ್‌ಶಾಪಿನವರ ಮೇಲೆ ನನಗೆ ಬೇಸರ ಉಂಟು, ಅವರಿಗೂ ಹೇಳಿದ್ದೇನೆ. ಇನ್ನೊಂದು ಎಡವಟ್ಟು ನನ್ನದೇ. ಸಿಂಕಿನ ಕೆಳಗೆ ಬಾತ್‌ರೂಮ್ ತೊಳೆಯುವ ಆಸಿಡ್ ಬಾಟ್ಲಿ ಮತ್ತು ಬ್ಲೀಚಿಂಗ್ ಪೌಡರಿನ ಡಬ್ಬಿ ಇಟ್ಟಿದ್ದೆ. ಎರಡರ ಮುಚ್ಚಳವೂ ಭದ್ರ ಇತ್ತು. ಆದರೂ ಆರು ತಿಂಗಳಲ್ಲಿ ಅವುಗಳ ಹಿಂದಿನ ಗೋಡೆಯ ಸ್ಟೀಲಿಗೆ ಸೂಜಿಮೊನೆಯಂಥ ಗುಳಿ ಬಿದ್ದು ಕಪ್ಪಾಯಿತು. ಆವಿಯೇ ಸಾಕಾಯಿತು. ಅವೆರಡನ್ನು ಒಟ್ಟಿಗೆ ಇಡುವುದು ಮನುಷ್ಯರಿಗೂ ಅಪಾಯ, ಬೆರೆತರೆ ವಿಷಗಾಳಿ ಏಳುತ್ತದೆ. ಈಗ ಒಂದು ಹೊರಗಿನ ಬಚ್ಚಲಿನಲ್ಲಿ, ಇನ್ನೊಂದು ಪಂಪು ಶೆಡ್ಡಿನಲ್ಲಿ. ಗುಳಿ ಬಿದ್ದ ಜಾಗ ಹಾಗೇ ಉಂಟು, ಅದು ಹೋಗುವುದಿಲ್ಲವಂತೆ.

ಕರೆಂಟಿನ ವಿಷಯ ಎಲ್ಲರೂ ಗಮನಿಸಬೇಕು. ಕಳೆದ ಜುಲೈಯಲ್ಲಿ ಅತ್ತೆ ಬರಿಗಾಲಿನಲ್ಲಿ ಬಂದು ಸ್ಟೀಲ್ ಕೌಂಟರ್ ಮುಟ್ಟಿದಾಗ ಕೈ ಜುಮ್ಮೆಂದಿತು. ಎಂಬತ್ತೆರಡು ವರ್ಷದವರು. ಮಿಕ್ಸಿಯ ವೈರ್ ಸುಲಿದು ಪೆಟ್ಟಿಗೆಗೆ ತಾಗುತ್ತಿತ್ತು. ಮರದ ಪೆಟ್ಟಿಗೆಯಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಸ್ಟೀಲಾದರೆ ಇಡೀ ಅಡುಗೆಮನೆಗೆ ಹರಿಯುತ್ತದೆ. ಎಲೆಕ್ಟ್ರೀಷಿಯನ್ ಬಂದು ಪೆಟ್ಟಿಗೆಗಳನ್ನೆಲ್ಲ ಸೇರಿಸಿ ಅರ್ತ್ ಮಾಡಿದರು, ಮೈನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದರು. ಕರೆಂಟ್ ಸ್ವಲ್ಪ ಸೋರಿದರೂ ಆ ಸ್ವಿಚ್ ಕೂಡಲೇ ಬಿದ್ದು ಕರೆಂಟ್ ಕಡಿಯುತ್ತದೆ. ಇದನ್ನು ಸ್ಟೀಲ್ ಅಡುಗೆಮನೆ ಕೂರಿಸುವ ಮೊದಲೇ ಮಾಡಿಸಬೇಕಿತ್ತು. ಆ ದಿನ ಅತ್ತೆಯ ಕೈ ಹಿಡಿದು ಕೂತಿದ್ದಾಗ ನನಗೆ ಮಾತೇ ಹೊರಡಲಿಲ್ಲ.

ಮಂಚದಲ್ಲಿ ಮಲಗಲಿಕ್ಕೆ ಹೇಗೆ ಎಂದು ನೆಂಟರೆಲ್ಲ ಕೇಳುತ್ತಾರೆ. ಬೋಲ್ಟಿನ ನಡುವೆ ನೈಲಾನ್ ವಾಷರ್ ಹಾಕಿಸಿದರೆ ಕಿರುಗುಟ್ಟುವುದಿಲ್ಲ, ವರ್ಷಕ್ಕೊಮ್ಮೆ ಬಿಗಿ ಮಾಡಿದರೆ ಸಾಕು. ನಾರಿನ ಹಾಸಿಗೆ ಮೊದಮೊದಲು ಜಾರುತ್ತಿತ್ತು, ಅಡಿಗೆ ರಬ್ಬರ್ ಜಾಲರಿ ಹಾಸಿದೆವು. ಡಿಸೆಂಬರಿನ ಬೆಳಗಿನ ಜಾವ ಕೈ ತಾಗಿದರೆ ತಣ್ಣಗೆ ಚುರ್ರೆನ್ನುತ್ತದೆ, ಇವರಿಗೆ ಅದು ಇಷ್ಟವಿಲ್ಲ. ನನಗೆ ಅಡ್ಡಿಯಿಲ್ಲ.

ಚಾವಡಿಯಲ್ಲಿ ಮಾತ್ರ ಅಜ್ಜನ ಕಾಲದ ಹಲಸಿನ ಮರದ ಬೆಂಚೇ ಉಂಟು, ಇರುತ್ತದೆ. ಕೂತರೆ ಮೈಗೆ ಹಿತ, ಬಣ್ಣ ವರ್ಷ ವರ್ಷ ಜೇನಿನ ಹಾಗೆ ಏರುತ್ತದೆ. ಒಳ್ಳೆಯ ಬಲಿತ ಮರ, ಒಳ್ಳೆಯ ಆಚಾರ್ರು ಸಿಕ್ಕಿದ್ದರೆ ನಾನು ಸ್ಟೀಲಿನ ಹತ್ತಿರ ಹೋಗುತ್ತಿದ್ದೆನೋ ಇಲ್ಲವೋ. ಪ್ಲೈವುಡ್, ಪಾರ್ಟಿಕಲ್ ಬೋರ್ಡಿನ ಪಕ್ಕ ಇಟ್ಟರೆ ಮಾತ್ರ ನನ್ನ ಮನಸ್ಸಿನಲ್ಲಿ ಸಂಶಯವಿಲ್ಲ, ನಮ್ಮ ಕರಾವಳಿಯ ಮನೆಗೆ ಸ್ಟೀಲೇ ಸರಿ.

ವರ್ಕ್‌ಶಾಪಿನವರ ಬಗ್ಗೆ ಇಷ್ಟು: ಹೇಳಿದ ದಿನಕ್ಕೆ ಹದಿನಾರು ದಿನ ತಡ ಮಾಡಿದರು, ಫೋನಿಗೆ ಸಿಗುವುದು ಕಷ್ಟ. ಕೆಲಸ ಮಾತ್ರ ನೋಡಿದ ಕಡೆಯೂ ನೋಡದ ಕಡೆಯೂ ಒಂದೇ ಥರ. ನಾನು ಮಣಿಪಾಲದ ಮಗಳ ಫ್ಲ್ಯಾಟಿಗೂ ಅವರಿಗೇ ಹೇಳಿದ್ದೇನೆ, ಈ ಸಲ ಚಾನೆಲ್ ಯಾವುದು ಎಂದು ಮೊದಲೇ ಬರೆಸಿಕೊಂಡಿದ್ದೇನೆ.

ಮಾವನ ಕಪಾಟನ್ನು ಗುಜರಿಗೆ ಹಾಕಲಿಲ್ಲ. ಯಜಮಾನರು ಬಡಿದು ನೋಡಿ, "ಮೇಲಿನ ತಗಡು ಈಗ ಮಾಡುವುದಕ್ಕಿಂತ ದಪ್ಪ ಉಂಟು ಅಕ್ಕ, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ" ಎಂದರು. ಕೆಳಗಿನ ಒಂಬತ್ತಿಂಚು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು, ತೊಟ್ಟಿಯಲ್ಲಿ ಮುಳುಗಿಸಿ, ಅದೇ ಬೂದುಬಣ್ಣ ಕೊಟ್ಟು, ನೈಲಾನ್ ಕಾಲು ಹಾಕಿ ಕೊಟ್ಟರು. 6,400 ರೂಪಾಯಿ. ಬೀಗ ಮತ್ತು ಹಿಡಿ ಹಳೆಯದೇ. ತಂದು ಕೋಣೆಯಲ್ಲಿ ನಿಲ್ಲಿಸಿದ ದಿನ ಅತ್ತೆ ಕೀಲಿಕೈ ಹಾಕುವ ಮೊದಲು ನನ್ನನ್ನು ಕರೆದು ಟಾರ್ಚ್ ತರಿಸಿದರು. ಅವರಿಗೆ ಬಗ್ಗಲು ಆಗುವುದಿಲ್ಲ, ನಾನೇ ನೆಲದ ಮೇಲೆ ಮಲಗಿ ನಾಲ್ಕೂ ಮೂಲೆ ನೋಡಿ ಹೇಳಿದೆ. ಆಮೇಲೆ ಧಾರೆ ಸೀರೆಯನ್ನು ಹೊಸ ಪಂಚೆಯಲ್ಲಿ ಸುತ್ತಿ ಮೇಲಿನಿಂದ ಎರಡನೇ ಹಲಗೆಯಲ್ಲಿ ಇಟ್ಟರು. ಕೆಳಗಿನ ಹಲಗೆಯಲ್ಲಿ ಈಗ ಹಿತ್ತಾಳೆ ಪಾತ್ರೆ ಮಾತ್ರ.